ನೋರಾ ಸುಳ್ಳು ಹೇಳಿದಳೇ? ‘ದಿ ಲೆಫ್ಟೋವರ್ಸ್’ ನೋಡಿದವರ ಒಂದು ಪ್ರಕರಣ

ಆಸ್ಟ್ರೇಲಿಯಾದ ಒಂದು ಒಂಟಿ ಮನೆ. ಮೇಜಿನ ಆಚೆಗೊಬ್ಬಳು, ಈಚೆಗೊಬ್ಬ. ಇಬ್ಬರಿಗೂ ವಯಸ್ಸಾಗಿದೆ, ತಲೆ ನರೆತಿದೆ. ಇಷ್ಟು ವರ್ಷ ಎಲ್ಲಿದ್ದೆ, ಏನಾಯಿತು ಅಂತ ಅವಳು ಹೇಳುತ್ತಾ ಹೋಗುತ್ತಾಳೆ. ಕ್ಯಾಮೆರಾ ಹೆಚ್ಚು ಹೊತ್ತು ಅವಳ ಮುಖದ ಮೇಲೇ ಇರುತ್ತದೆ. ಅವಳು ಹೇಳಿದ್ದರಲ್ಲಿ ಒಂದನ್ನೂ ನಮಗೆ ತೋರಿಸುವುದಿಲ್ಲ. ಎಲ್ಲ ಮುಗಿದ ಮೇಲೆ, ನೀನು ನಂಬುವುದಿಲ್ಲ ಅಂತ ಗೊತ್ತಿತ್ತು ಎನ್ನುತ್ತಾಳೆ. ಅವನು, ನಂಬುತ್ತೇನೆ ಎನ್ನುತ್ತಾನೆ. 2017ರ ಜೂನ್ 4ರಂದು ಅಮೆರಿಕದ ಎಚ್‌ಬಿಒ ವಾಹಿನಿಯ ‘ದಿ ಲೆಫ್ಟೋವರ್ಸ್’ ಹೀಗೆ ಮುಗಿಯಿತು. ಆ ರಾತ್ರಿ ಶುರುವಾದ ಜಗಳ ಮಾತ್ರ ಇವತ್ತಿಗೂ ಮುಗಿದಿಲ್ಲ. ನೋರಾ ಡರ್ಸ್ಟ್ ಹೇಳಿದ್ದು ನಿಜವೋ, ಕಟ್ಟುಕಥೆಯೋ?

ಈ ಧಾರಾವಾಹಿಯನ್ನು ನೋಡದವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಗುಟ್ಟು ರಟ್ಟಾದರೆ ಕೆಡುವ ಕಥೆ ಇದಲ್ಲ, ಯಾಕೆಂದರೆ ದೊಡ್ಡ ಗುಟ್ಟನ್ನು ಅದು ಕೊನೆಗೂ ಬಿಟ್ಟುಕೊಡುವುದೇ ಇಲ್ಲ. ನನ್ನ ಕುತೂಹಲ ಇರುವುದು ಅದನ್ನು ನೋಡಿದವರ ಬಗ್ಗೆ. ಒಂದೇ ದೃಶ್ಯ ನೋಡಿ ಇಷ್ಟು ಜನ ಎರಡು ಪಂಗಡವಾಗಿ ಇಷ್ಟು ವರ್ಷ ವಾದ ಮಾಡುವುದಾದರೆ, ಅವರು ಆ ಮೇಜಿನ ಮುಂದೆ ಏನನ್ನು ಹುಡುಕಿಕೊಂಡು ಬಂದು ಕೂತಿದ್ದರು?

ನೂರಕ್ಕೆ ಇಬ್ಬರು

ಕಥೆಯ ಮೂಲ ಟಾಮ್ ಪೆರೊಟಾ ಬರೆದ, 2011ರಲ್ಲಿ ಬಂದ ಇದೇ ಹೆಸರಿನ ಕಾದಂಬರಿ. ಅದನ್ನು ತೆರೆಗೆ ತಂದವರು ಪೆರೊಟಾ ಮತ್ತು ಡೇಮನ್ ಲಿಂಡೆಲಾಫ್. 2011ರ ಅಕ್ಟೋಬರ್ 14ರಂದು, ಒಂದೇ ಕ್ಷಣದಲ್ಲಿ, ಲೋಕದ ಜನಸಂಖ್ಯೆಯ ನೂರಕ್ಕೆ ಎರಡರಷ್ಟು ಮಂದಿ, ಅಂದರೆ 14 ಕೋಟಿ ಜನ, ಇದ್ದಲ್ಲೇ ಇಲ್ಲವಾಗುತ್ತಾರೆ. ಶವ ಇಲ್ಲ, ಬೂದಿ ಇಲ್ಲ, ಕಾರಣ ಇಲ್ಲ. ಪುಣ್ಯವಂತರನ್ನು ದೇವರು ಕರೆಸಿಕೊಂಡ ಅನ್ನೋಣವೆಂದರೆ ಹೋದವರಲ್ಲಿ ಕಳ್ಳರೂ ಇದ್ದಾರೆ, ಕೂಸುಗಳೂ ಇವೆ. ಕಥೆ ಶುರುವಾಗುವುದು ಒಂದು ಲಾಂಡ್ರಿಯ ಹೊರಗೆ. ಫೋನಿನಲ್ಲಿ ಮಾತಾಡುತ್ತಿರುವ ತಾಯಿ ಕಾರಿನ ಹಿಂದಿನ ಸೀಟಿನ ಕಡೆ ತಿರುಗುತ್ತಾಳೆ, ಅಳುತ್ತಿದ್ದ ಮಗು ಅಲ್ಲಿಲ್ಲ.

ಎರಡು ಎನ್ನುವ ಅಂಕಿಯನ್ನು ಆರಿಸಿದವರು ಬಹಳ ಯೋಚಿಸಿಯೇ ಆರಿಸಿರಬೇಕು. ಅರ್ಧದಷ್ಟು ಜನ ಹೋದರೆ ಅದು ಪ್ರಳಯ, ಪ್ರಳಯದಲ್ಲಿ ಎಲ್ಲರ ದುಃಖವೂ ಒಂದೇ. ನೂರಕ್ಕೆ ಇಬ್ಬರು ಹೋದರೆ ಅಂಗಡಿ ಬಾಗಿಲು ಮರುದಿನ ತೆರೆಯುತ್ತದೆ, ಶಾಲೆ ನಡೆಯುತ್ತದೆ, ಬ್ಯಾಂಕು ಸಾಲದ ಕಂತು ಕೇಳುತ್ತದೆ. 2011ರ ಜನಗಣತಿಯಲ್ಲಿ ಕರ್ನಾಟಕದವರು 6.11 ಕೋಟಿ. ಅದರ ನೂರಕ್ಕೆ ಎರಡು ಅಂದರೆ 12 ಲಕ್ಷ ದಾಟುತ್ತದೆ. ಸಾವಿರ ಜನರ ಊರಿನಲ್ಲಿ ಇಪ್ಪತ್ತು ಮಂದಿ. ಪಕ್ಕದ ಮನೆಯಲ್ಲಿ ಎಲ್ಲರೂ ಇದ್ದಾರೆ, ನಿನ್ನ ಮನೆಯಲ್ಲಿ ಯಾರೂ ಇಲ್ಲ ಎನ್ನುವ ಸ್ಥಿತಿ ಇಲ್ಲಿ ಸಾಧ್ಯ. ನ್ಯೂಯಾರ್ಕ್ ರಾಜ್ಯದ ಮೇಪಲ್ಟನ್ ಎಂಬ ಕಲ್ಪಿತ ಊರಿನ ನೋರಾಳದು ಅದೇ ಸ್ಥಿತಿ. ಬೆಳಗಿನ ತಿಂಡಿಯ ಹೊತ್ತು, ಮಕ್ಕಳ ಗಲಾಟೆ, ಅವಳ ಫೋನಿನ ಮೇಲೆ ಜ್ಯೂಸ್ ಚೆಲ್ಲುತ್ತದೆ, ಅವಳು ರೇಗುತ್ತಾಳೆ, ಬೆನ್ನು ತಿರುಗಿಸುತ್ತಾಳೆ. ಮತ್ತೆ ಈ ಕಡೆ ನೋಡಿದರೆ ಗಂಡನೂ ಇಲ್ಲ, ಇಬ್ಬರು ಮಕ್ಕಳೂ ಇಲ್ಲ. ಅವಳ ಬಾಯಿಂದ ಮಕ್ಕಳು ಕೇಳಿದ ಕೊನೆಯ ಮಾತು ಆ ಗದರಿಕೆ.

ಮೂರು ವರ್ಷವಾದರೂ ಅವಳು ಅಂಗಡಿಗೆ ಹೋಗಿ ಮಕ್ಕಳು ತಿನ್ನುತ್ತಿದ್ದ ಸೀರಿಯಲ್ ಡಬ್ಬ ತರುತ್ತಾಳೆ, ಹಳೆಯದನ್ನು ಎಸೆದು ಹೊಸದನ್ನು ಅದೇ ಜಾಗದಲ್ಲಿ ಇಡುತ್ತಾಳೆ. ಅಡುಗೆಮನೆಯ ಪೇಪರ್ ಟವೆಲ್ ಸುರುಳಿ ಆ ದಿನ ಹೇಗೆ ಖಾಲಿಯಾಗಿತ್ತೋ ಹಾಗೇ ಇದೆ. ಯಾರನ್ನಾದರೂ ಕಳೆದುಕೊಂಡ ಮನೆಗೆ ಹೋಗಿಬಂದವರು ಇಂಥದ್ದನ್ನು ನೋಡಿರುತ್ತಾರೆ. ಗೂಟಕ್ಕೆ ಹಾಕಿದ ಅಂಗಿಯನ್ನು ಯಾರೂ ತೆಗೆಯುವುದಿಲ್ಲ.

ಲಿಂಡೆಲಾಫ್ ತಲೆಯ ಮೇಲಿನ ಹಳೆಯ ಸಾಲ

ಜನ ಈ ಧಾರಾವಾಹಿಗೆ ಹೇಗೆ ಪ್ರತಿಕ್ರಿಯಿಸಿದರು ಎಂದು ತಿಳಿಯಲು ಅದಕ್ಕಿಂತ ಮುಂಚಿನದೊಂದು ಜಗಳ ಗೊತ್ತಿರಬೇಕು. ಲಿಂಡೆಲಾಫ್ ಅದಕ್ಕೂ ಮೊದಲು, ದ್ವೀಪವೊಂದರಲ್ಲಿ ಸಿಕ್ಕಿಕೊಂಡವರ ಕಥೆಯಾದ ‘ಲಾಸ್ಟ್’ ಧಾರಾವಾಹಿಯ ಮುಖ್ಯ ಬರಹಗಾರರಲ್ಲಿ ಒಬ್ಬರು. 2004ರಿಂದ ಆರು ಸೀಸನ್, ಒಗಟಿನ ಮೇಲೆ ಒಗಟು, 2010ರ ಮೇನಲ್ಲಿ ಮುಕ್ತಾಯ. ಆ ಕೊನೆಯ ಕಂತು ಬಹಳಷ್ಟು ಜನರಿಗೆ ಮೋಸ ಹೋದಂತೆ ಅನ್ನಿಸಿತು. ದ್ವೀಪದಲ್ಲಿದ್ದವರೆಲ್ಲ ಮೊದಲೇ ಸತ್ತಿದ್ದರು ಎಂದು ತಪ್ಪಾಗಿ ಅರ್ಥಮಾಡಿಕೊಂಡು ಬೈದವರೂ ಇದ್ದರು. ವರ್ಷಗಳ ಕಾಲ ಟ್ವಿಟರಿನಲ್ಲಿ ಲಿಂಡೆಲಾಫ್‌ಗೆ ಉಗಿತ ನಿಲ್ಲಲಿಲ್ಲ. 2013ರಲ್ಲಿ ಅವರು ಅಲ್ಲಿಂದ ಎದ್ದುಹೋದರು. ಕೊನೆಯ ಟ್ವೀಟ್ ಅರ್ಧ ವಾಕ್ಯಕ್ಕೆ ತುಂಡಾಗಿತ್ತು, ದಿನಾಂಕ ಅಕ್ಟೋಬರ್ 14. ಹೊಸ ಕಥೆಯಲ್ಲಿ ಜನ ಮಾಯವಾಗುವ ದಿನವೂ ಅದೇ ಎನ್ನುವುದು ಲೆಫ್ಟೋವರ್ಸ್ ಪ್ರಿಯರಿಗೆ ಬಾಯಿಪಾಠ.

ಹಾಗಾಗಿ 2014ರ ಜೂನ್ 29ರಂದು ಮೊದಲ ಕಂತು ಬಂದಾಗ ಪ್ರೇಕ್ಷಕರು ಎರಡು ಅನುಮಾನ ಹೊತ್ತುಕೊಂಡೇ ಕೂತಿದ್ದರು. ಈ ಮನುಷ್ಯ ಮತ್ತೆ ಒಗಟು ಒಡ್ಡಿ ಕೈ ಕೊಡುತ್ತಾನಾ? ಜನ ಎಲ್ಲಿ ಹೋದರು ಅಂತ ಹೇಳುತ್ತಾನಾ? ಲಿಂಡೆಲಾಫ್ ಎರಡನೆಯದಕ್ಕೆ ಮೊದಲೇ ಉತ್ತರ ಕೊಟ್ಟಿದ್ದರು: ಹೇಳುವುದಿಲ್ಲ, ಇದು ಆ ಪ್ರಶ್ನೆಯ ಕಥೆಯಲ್ಲ. ಮೊದಲೇ ಹೇಳಿದ್ದರೂ ಜನ ಹುಡುಕಿದರು. ಕಾಡಿನ ನಾಯಿಗಳಿಗೆ, ಜಿಂಕೆಗಳಿಗೆ, ಒಂದು ಹಳೆಯ ನ್ಯಾಷನಲ್ ಜಿಯಾಗ್ರಫಿಕ್ ಸಂಚಿಕೆಗೆ ಅರ್ಥ ಹಚ್ಚುತ್ತಾ ಕೂತರು. ಉತ್ತರವಿಲ್ಲ ಅಂತ ಕಿವಿಯಲ್ಲಿ ಕೇಳುವುದೇ ಬೇರೆ, ಮನಸ್ಸು ಒಪ್ಪುವುದೇ ಬೇರೆ.

ಕಾಲವೂ ಹಾಗಿತ್ತು. ಮೂರೂವರೆ ತಿಂಗಳ ಹಿಂದಷ್ಟೇ, 2014ರ ಮಾರ್ಚ್ 8ರಂದು, ಮಲೇಷ್ಯಾ ಏರ್‌ಲೈನ್ಸಿನ ಎಂಎಚ್370 ವಿಮಾನ 239 ಮಂದಿಯೊಂದಿಗೆ ಕಾಣೆಯಾಗಿತ್ತು. ಅದರಲ್ಲಿ ಐವರು ಭಾರತೀಯರು. ಟಿವಿಯಲ್ಲಿ ದಿನವೂ ಸಮುದ್ರದ ನಕ್ಷೆ, ಹೋಟೆಲಿನ ಸಭಾಂಗಣದಲ್ಲಿ ಕಾಯುತ್ತಿರುವ ಸಂಬಂಧಿಕರ ಮುಖ. ಕಲ್ಪಿತ ಕಥೆಯೊಂದಕ್ಕೆ ವರ್ತಮಾನ ಇಷ್ಟು ಹತ್ತಿರ ಬಂದು ನಿಲ್ಲುವುದು ಅಪರೂಪ.

ಎದ್ದು ಹೋದವರು

ಮೊದಲ ಕಂತನ್ನು ಸುಮಾರು 18 ಲಕ್ಷ ಜನ ನೋಡಿದರು. ಮೊದಲ ಸೀಸನ್ನಿನ ಬಗ್ಗೆ ಹೆಚ್ಚು ಕೇಳಿಬಂದ ದೂರು ಒಂದೇ, ಉಸಿರು ಕಟ್ಟುವಷ್ಟು ದುಃಖ. ದೂರಿನಲ್ಲಿ ಹುರುಳಿತ್ತು. ಆ ಹತ್ತು ಕಂತುಗಳಲ್ಲಿ ನಗು ಬಹಳ ಕಡಿಮೆ, ಮ್ಯಾಕ್ಸ್ ರಿಕ್ಟರ್ ಅವರ ಸಂಗೀತ ಇದ್ದಬದ್ದ ಧೈರ್ಯವನ್ನೂ ಕರಗಿಸುತ್ತದೆ. ಜೊತೆಗೆ ಗಿಲ್ಟಿ ರೆಮ್ನೆಂಟ್ ಎಂಬ ಗುಂಪು. ಬಿಳಿ ಬಟ್ಟೆ ತೊಟ್ಟು, ಮಾತು ಬಿಟ್ಟು, ಎಡೆಬಿಡದೆ ಸಿಗರೇಟು ಸೇದುತ್ತಾ ಜನರ ಮನೆಯ ಮುಂದೆ ಸುಮ್ಮನೆ ನಿಲ್ಲುವವರು. ನೀವು ಮರೆಯಕೂಡದು ಎನ್ನುವುದೇ ಅವರ ಧರ್ಮ. ಕಥೆಯೊಳಗಿನ ಊರಿನವರಿಗೆ ಅವರನ್ನು ಕಂಡರೆ ಮೈ ಉರಿಯುತ್ತದೆ, ಟಿವಿ ಮುಂದೆ ಕೂತವರಿಗೂ ಉರಿಯಿತು. ಐದನೆಯ ಕಂತಿನ ಆರಂಭದಲ್ಲಿ ಆ ಗುಂಪಿನ ಹೆಂಗಸೊಬ್ಬಳನ್ನು ಕಲ್ಲು ಹೊಡೆದು ಕೊಲ್ಲುವುದನ್ನು ನೋಡಲಾಗದೆ ಅಲ್ಲಿಗೇ ಬಿಟ್ಟವರಿದ್ದಾರೆ. ನಾನೂ ಆ ಜಾಗದಲ್ಲಿ ಕೆಲವು ವಾರ ನಿಂತೆ.

ಮೊದಲ ಸೀಸನ್ನಿನ ಕೊನೆಗೆ ಬರುವ ಬೊಂಬೆಗಳ ಪ್ರಸಂಗ ಈ ಪ್ರಕರಣಕ್ಕೆ ಬಹಳ ಮುಖ್ಯ. ಮಾಯವಾದವರ ಯಥಾವತ್ ಬೊಂಬೆ ಮಾಡಿಕೊಡುವ ಕಂಪನಿಯೊಂದು ಕಥೆಯಲ್ಲಿದೆ. ಹೂಳಲು ದೇಹವಿಲ್ಲದವರು ಬೊಂಬೆ ತರಿಸಿ ಹೂಳಬಹುದು, ಅದಕ್ಕೆ ಜಾಹೀರಾತು ಬೇರೆ. ಗಿಲ್ಟಿ ರೆಮ್ನೆಂಟ್ ಅಂಥ ಬೊಂಬೆಗಳನ್ನು ತರಿಸಿ, ಒಂದು ರಾತ್ರಿ ಊರಿನ ಮನೆಮನೆಗೆ ನುಗ್ಗಿ, ಯಾರು ಎಲ್ಲಿ ಇದ್ದಾಗ ಮಾಯವಾದರೋ ಅಲ್ಲೇ ಕೂರಿಸಿ ಹೋಗುತ್ತದೆ. ಬೆಳಗ್ಗೆ ನೋರಾ ಅಡುಗೆಮನೆಗೆ ಬಂದರೆ ಗಂಡನೂ ಮಕ್ಕಳೂ ಮೇಜಿನ ಸುತ್ತ ಕೂತಿದ್ದಾರೆ. ಅವಳ ಚೀರಾಟ. ಆಮೇಲೆ ಅವಳು ಆ ಬೊಂಬೆಗಳ ಪಕ್ಕದಲ್ಲೇ ಕೂರುತ್ತಾಳೆ, ಕೈ ಹಿಡಿದುಕೊಳ್ಳುತ್ತಾಳೆ.

ಎರಡನೇ ಸೀಸನ್ 2015ರ ಅಕ್ಟೋಬರಿನಲ್ಲಿ ಬಂತು. ಕಥೆ ಟೆಕ್ಸಾಸಿನ ಜಾರ್ಡನ್ ಎಂಬ ಊರಿಗೆ ಗುಳೆ ಹೋಯಿತು. ಅಲ್ಲಿ ಒಬ್ಬರೂ ಮಾಯವಾಗಿರಲಿಲ್ಲ, ಹಾಗಾಗಿ ಅದು ಪವಾಡದ ಕ್ಷೇತ್ರ, ಒಳಗೆ ಹೋಗಲು ಪಾಸು ಬೇಕು, ನೀರು ಬಾಟಲಿಗೆ ತುಂಬಿ ಮಾರುತ್ತಾರೆ. ಇದನ್ನು ನಮಗೆ ಯಾರೂ ವಿವರಿಸಬೇಕಿಲ್ಲ. ನಗು ಬಂತು, ಕಥೆ ಹುಚ್ಚುಹುಚ್ಚಾಗಿ ಓಡಿತು. ನೋಡುವವರ ಸಂಖ್ಯೆ ಮಾತ್ರ ಆ ಸೀಸನ್ನಿನ ಮೊದಲ ರಾತ್ರಿ ಏಳು ಲಕ್ಷದ ಆಸುಪಾಸಿಗೆ ಕುಸಿದಿತ್ತು. ವಿಚಿತ್ರವೆಂದರೆ ಜನ ಕಡಿಮೆಯಾದಂತೆ ಮೆಚ್ಚುಗೆ ಏರಿತು. ವಿಮರ್ಶೆಗಳ ಸರಾಸರಿ ಲೆಕ್ಕ ಹಾಕುವ ಮೆಟಾಕ್ರಿಟಿಕ್‌ನಲ್ಲಿ ಮೂರು ಸೀಸನ್‌ಗೆ ಸಿಕ್ಕ ಅಂಕ ಕ್ರಮವಾಗಿ 65, 80, 98. ಪೀಬಡಿ ಪ್ರಶಸ್ತಿಯೂ ಬಂತು. ಮೂರನೆಯ ಸೀಸನ್ ಸಿಗುತ್ತದೋ ಇಲ್ಲವೋ ಎಂಬ ಹೊತ್ತಿನಲ್ಲಿ ಅಭಿಮಾನಿಗಳು ಗಿಲ್ಟಿ ರೆಮ್ನೆಂಟಿನ ಬಿಳಿ ಬಟ್ಟೆ ತೊಟ್ಟು ನ್ಯೂಯಾರ್ಕಿನ ಎಚ್‌ಬಿಒ ಕಚೇರಿ ಮುಂದೆ ಹೋಗಿ ನಿಂತರು. ಅವರು ತೊಟ್ಟದ್ದು ತಾವೇ ಹಿಂದಿನ ವರ್ಷ ದ್ವೇಷಿಸಿದ್ದವರ ವೇಷ. 2015ರ ಡಿಸೆಂಬರಿನಲ್ಲಿ ಎಚ್‌ಬಿಒ ಇನ್ನೊಂದು ಸೀಸನ್‌ಗೆ ಒಪ್ಪಿತು, ಅದೇ ಕೊನೆಯದು. ಒಟ್ಟು 28 ಕಂತು.

ಆ ಎರಡನೇ ಸೀಸನ್ನಿನ ಶೀರ್ಷಿಕೆ ದೃಶ್ಯ ನೋಡಬೇಕು. ಹಳೆಯ ಕುಟುಂಬದ ಫೋಟೊಗಳು, ಹುಟ್ಟುಹಬ್ಬ, ಪ್ರವಾಸ. ಪ್ರತಿಯೊಂದರಲ್ಲೂ ಒಬ್ಬರ ಆಕಾರ ಮಾತ್ರ ಖಾಲಿ, ಆ ಖಾಲಿಯೊಳಗೆ ಮೋಡವೋ ನಕ್ಷತ್ರವೋ ತುಂಬಿದೆ. ಹಿನ್ನೆಲೆಗೆ ಐರಿಸ್ ಡಿಮೆಂಟ್ 1992ರಲ್ಲಿ ಹಾಡಿದ ಒಂದು ಹಳ್ಳಿ ಶೈಲಿಯ ಹಾಡು, ಸತ್ತ ಮೇಲೆ ಏನಾಗುತ್ತದೋ ಯಾರಿಗೆ ಗೊತ್ತು, ಇರಲಿ ಬಿಡು ಎನ್ನುವ ಧಾಟಿಯದು. ಒಗಟು ಬಿಡಿಸುತ್ತಾರೆಂದು ಕಾದಿದ್ದವರಿಗೆ ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ?

ಹೋದವರು, ಹೋಗದೆ ಹೋದವರು

ಉಳಿದ ಪ್ರೇಕ್ಷಕರು ಯಾಕೆ ಅಷ್ಟು ಗಟ್ಟಿಯಾಗಿ ಉಳಿದರು? ನನಗೆ ತೋಚುವ ವಿವರಣೆ ಟಿವಿ ವಿಮರ್ಶೆಯಿಂದ ಬಂದದ್ದಲ್ಲ. ಮಿನೆಸೋಟದ ಪಾಲಿನ್ ಬಾಸ್ ಎಂಬ ಕುಟುಂಬ ಚಿಕಿತ್ಸಕಿ 1970ರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಹೆಂಡಿರು ಮಕ್ಕಳನ್ನು ಅಧ್ಯಯನ ಮಾಡುತ್ತಾ ಒಂದು ಹೆಸರು ಕೊಟ್ಟರು, ಅಸ್ಪಷ್ಟ ನಷ್ಟ ಅಂತ ಕನ್ನಡದಲ್ಲಿ ಹೇಳಬಹುದು. ಅದರಲ್ಲಿ ಎರಡು ಬಗೆ. ಒಂದರಲ್ಲಿ ಆಳು ಇಲ್ಲ, ಮನಸ್ಸಿನೊಳಗೆ ಇದ್ದಾನೆ: ಯುದ್ಧದಲ್ಲಿ, ಕಡಲಲ್ಲಿ, ಜಾತ್ರೆಯಲ್ಲಿ ಕಾಣೆಯಾದವರು. ಇನ್ನೊಂದರಲ್ಲಿ ಆಳು ಎದುರಿಗೇ ಇದ್ದಾನೆ, ಒಳಗೆ ಇಲ್ಲ: ಮರೆವಿನ ರೋಗ ಬಂದ ಅಪ್ಪ, ಕುಡಿತಕ್ಕೆ ಬಿದ್ದ ಮಗ. 2001ರ ಸೆಪ್ಟೆಂಬರ್ 11ರ ನಂತರ ದೇಹ ಸಿಗದವರ ಮನೆಯವರ ಜೊತೆಗೂ ಅವರು ಕೆಲಸ ಮಾಡಿದರು. ಇಂಥ ದುಃಖಕ್ಕೆ ಮುಕ್ತಾಯ ಎನ್ನುವುದಿಲ್ಲ, ಮುಗಿಸಿಕೊಳ್ಳಿ ಎಂದು ಅವಸರಪಡಿಸುವುದೇ ತಪ್ಪು ಎನ್ನುವುದು ಅವರ ವಾದ.

ಲೆಫ್ಟೋವರ್ಸ್ ಎರಡೂ ಬಗೆಯನ್ನು ಪಕ್ಕಪಕ್ಕದಲ್ಲಿ ಇಡುತ್ತದೆ. ನೋರಾಳದು ಮೊದಲನೆಯದು. ಅವಳ ಅಣ್ಣ, ಪಾದ್ರಿ ಮ್ಯಾಟ್ ಜೇಮಿಸನ್‌ನದು ಎರಡನೆಯದು. ಎದುರಿನ ಕಾರಿನ ಚಾಲಕ ಆ ಕ್ಷಣ ಮಾಯವಾದ್ದರಿಂದ ಆದ ಅಪಘಾತದಲ್ಲಿ ಮ್ಯಾಟ್‌ನ ಹೆಂಡತಿ ಮೇರಿ ಅರಿವು ತಪ್ಪಿ ಮಲಗಿದ್ದಾಳೆ. ಊರಿನ ಪೊಲೀಸ್ ಮುಖ್ಯಸ್ಥ ಕೆವಿನ್ ಗಾರ್ವಿಯ ಮನೆಯಲ್ಲಿ ಓಡಾಡಿಕೊಂಡಿದ್ದವರು ಯಾರೂ ಮಾಯವಾಗಲಿಲ್ಲ. ಆದರೆ ಹೆಂಡತಿ ಲಾರಿ ಬಿಳಿ ಬಟ್ಟೆ ತೊಟ್ಟು ಗುಂಪು ಸೇರಿ, ಅದೇ ಊರಿನಲ್ಲಿ ಮಾತಾಡದೆ ಓಡಾಡುತ್ತಾಳೆ. ನಮ್ಮ ಧಾರಾವಾಹಿಗಳಲ್ಲಿ ಸತ್ತವರು ಆರು ತಿಂಗಳಿಗೆ ಮುಖ ಬದಲಿಸಿಕೊಂಡು ವಾಪಸಾಗುತ್ತಾರಲ್ಲ, ಆ ಸುಖ ಇವರಿಗಿಲ್ಲ.

ನಮ್ಮ ಕರಾವಳಿಯವರು ಈ ದುಃಖವನ್ನು ಪುಸ್ತಕದಿಂದ ಕಲಿಯಬೇಕಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರೊಂದಿಗೆ ಮಹಾರಾಷ್ಟ್ರದ ಕಡಲಲ್ಲಿ ಕಾಣೆಯಾಯಿತು. ತಿಂಗಳುಗಟ್ಟಲೆ ಹುಡುಕಾಟ, ಹೆದ್ದಾರಿ ತಡೆ, ಅಪಹರಣದ ಅನುಮಾನ. 2019ರ ಮೇನಲ್ಲಿ ಮಾಲ್ವಣದ ಆಚೆ ನೌಕಾಪಡೆಗೆ ಬೋಟಿನ ಅವಶೇಷ ಸಿಕ್ಕಿತು. ಜನ ಸಿಗಲಿಲ್ಲ. ಏಳು ವರ್ಷ ಸುಳಿವಿಲ್ಲದವರನ್ನು ಸತ್ತರೆಂದು ಭಾವಿಸಲು ಕಾನೂನಿನಲ್ಲಿ ಅವಕಾಶವಿದೆ, ಆದರೆ ಮನೆಯ ಹೆಂಗಸರು ಕುಂಕುಮದ ವಿಷಯದಲ್ಲಿ ಕಾನೂನನ್ನು ಕೇಳಿ ನಡೆಯುವುದಿಲ್ಲ.

ನೋರಾ ಮೇಲಿನ ವಿಚಾರಣೆ

ಈಗ ಮತ್ತೆ ಆ ಮೇಜಿಗೆ ಬರೋಣ. ಮೂರನೆಯ ಸೀಸನ್ನಿನಲ್ಲಿ ನೋರಾಳ ಕೆಲಸ, ಮನೆಯವರು ಮಾಯವಾದರೆಂದು ಸುಳ್ಳು ಹೇಳಿ ಪರಿಹಾರ ಕೇಳುವವರನ್ನು ಹಿಡಿಯುವುದು. ಸುಳ್ಳಿನ ವಾಸನೆ ಅವಳಿಗೆ ದೂರದಿಂದಲೇ ಗೊತ್ತಾಗುತ್ತದೆ. ಅಂಥವಳಿಗೆ, ಹೋದವರು ಎಲ್ಲಿ ಹೋದರೋ ಅಲ್ಲಿಗೇ ಕಳಿಸುವ ಯಂತ್ರವೊಂದು ವಿಜ್ಞಾನಿಗಳ ಬಳಿ ಇದೆ ಎಂಬ ಸುದ್ದಿ ಬರುತ್ತದೆ. ಸುದ್ದಿ ತರುವವನು ನಟ ಮಾರ್ಕ್ ಲಿನ್-ಬೇಕರ್, ತನ್ನದೇ ಪಾತ್ರದಲ್ಲಿ. ಆತ ನಟಿಸಿದ್ದ ಹಳೆಯ ಹಾಸ್ಯ ಧಾರಾವಾಹಿಯ ಕಲಾವಿದರೆಲ್ಲ ಮಾಯವಾದರೆಂಬ ಜೋಕು ಮೊದಲ ಸೀಸನ್ನಿನಿಂದ ನಡೆದುಬಂದಿತ್ತು, ನಿಜಕ್ಕೆ ಈತನೊಬ್ಬ ಉಳಿದಿದ್ದ. ಆ ಜೋಕಿನೊಳಗಿನ ಮನುಷ್ಯನನ್ನು ಕರೆತಂದು ನಮ್ಮನ್ನು ಅಳಿಸಿದ್ದು ಬರಹಗಾರರ ಕಿಲಾಡಿತನ.

ನೋರಾ ಯಂತ್ರದೊಳಗೆ ಹೋಗುತ್ತಾಳೆ. ದ್ರವ ಏರುತ್ತದೆ, ಕೊನೆಯ ಕ್ಷಣ ಬಾಯಿ ತೆರೆಯುತ್ತಾಳೆ. ದೃಶ್ಯ ಅಲ್ಲಿಗೆ ತುಂಡು. ಅನೇಕ ವರ್ಷಗಳ ನಂತರ ಬೇರೆ ಹೆಸರಿನಲ್ಲಿ ಹಳ್ಳಿಯಲ್ಲಿ ಪಾರಿವಾಳ ಸಾಕಿಕೊಂಡಿದ್ದಾಳೆ, ಹಿಂದೆ ಅವಳ ಸಂಗಾತಿಯಾಗಿದ್ದ ಕೆವಿನ್ ಹುಡುಕಿಕೊಂಡು ಬರುತ್ತಾನೆ. ಅವಳು ಹೇಳುವ ಕಥೆ ಇದು: ಆಚೆಯೂ ಇದೇ ಲೋಕವಿದೆ, ಅಲ್ಲಿಯವರ ಪಾಲಿಗೆ ಮಾಯವಾದವರು ನಾವು, ನೂರಕ್ಕೆ ತೊಂಬತ್ತೆಂಟು ಮಂದಿ. ಬಹಳ ಕಷ್ಟಪಟ್ಟು ತನ್ನ ಮನೆ ತಲುಪಿದಳು. ಮಕ್ಕಳು ಬೆಳೆದಿದ್ದರು, ಜೊತೆಗೆ ಅಪ್ಪ ಮತ್ತು ಇನ್ನೊಬ್ಬಳು. ನಗುತ್ತಿದ್ದರು. ಅಲ್ಲಿ ತಾನೊಂದು ದೆವ್ವ ಎನ್ನಿಸಿತು, ಮಾತಾಡಿಸದೆ ತಿರುಗಿದಳು. ಯಂತ್ರ ಕಂಡುಹಿಡಿದವನನ್ನು ಹುಡುಕಿ, ಅಲ್ಲೊಂದು ಯಂತ್ರ ಕಟ್ಟಿಸಿಕೊಂಡು ವಾಪಸು ಬಂದಳು.

ನಂಬದವರ ವಾದಕ್ಕೆ ಬಲವಿದೆ. ಕೆವಿನ್ ಸತ್ತು ಹೋಗಿಬಂದ ವಿಚಿತ್ರ ಹೋಟೆಲನ್ನು ಪೂರಾ ಒಂದು ಕಂತಿನಲ್ಲಿ ತೋರಿಸಿದ ಧಾರಾವಾಹಿ, ನೋರಾಳ ಪ್ರಯಾಣದ ಒಂದು ಚಿತ್ರವನ್ನೂ ತೋರಿಸುವುದಿಲ್ಲ. ಬಾಯಿ ತೆರೆದದ್ದು ನಿಲ್ಲಿಸಿ ಎಂದು ಕೂಗಲು. ಮರಳುವ ದಾರಿ ಇದ್ದರೆ ಬೇರೆ ಯಾರೂ ಯಾಕೆ ಬರಲಿಲ್ಲ? ಅದೇ ಕಂತಿನಲ್ಲಿ ಸನ್ಯಾಸಿನಿಯೊಬ್ಬಳು ಇದ್ದಾಳೆ. ಪಾರಿವಾಳಗಳು ಪ್ರೀತಿಯ ಸಂದೇಶ ಹೊತ್ತು ದೂರದೇಶಕ್ಕೆ ಹಾರುತ್ತವೆ ಎಂದು ಮದುವೆಯವರಿಗೆ ಅವಳು ಹೇಳುತ್ತಾಳೆ. ಅದು ಸುಳ್ಳಲ್ಲವೇ ಅಂದರೆ, ಈ ಕಥೆ ಹೆಚ್ಚು ಚೆನ್ನಾಗಿದೆ ಎನ್ನುವ ಅರ್ಥದ ಉತ್ತರ ಕೊಡುತ್ತಾಳೆ. ಬರಹಗಾರರು ಅದನ್ನು ಅಲ್ಲಿ ಸುಮ್ಮನೆ ಇಟ್ಟಿರಲಾರರು.

ನಂಬುವವರು ಹೆಚ್ಚಾಗಿ ನೋರಾ ಪಾತ್ರ ಮಾಡಿದ ಕ್ಯಾರಿ ಕೂನ್ ಅವರ ಮುಖವನ್ನೇ ಸಾಕ್ಷಿಗೆ ಕರೆಯುತ್ತಾರೆ. ಇನ್ನೊಂದು ವಾದ ನನಗೆ ಅದಕ್ಕಿಂತ ಗಟ್ಟಿಯೆನಿಸುತ್ತದೆ. ಸುಳ್ಳು ಹೇಳುವವಳು ತನಗೆ ಹಿತವಾದ ಸುಳ್ಳು ಹೇಳುತ್ತಾಳೆ, ಮಕ್ಕಳು ಅಮ್ಮಾ ಅಂತ ಓಡಿಬಂದರು ಅನ್ನುತ್ತಾಳೆ. ಇವಳ ಕಥೆಯಲ್ಲಿ ಮಕ್ಕಳಿಗೆ ಅಮ್ಮನ ಅಗತ್ಯವೇ ಇಲ್ಲ.

ಮುತ್ತುಗದ ದಂಟಿನ ಆಳು

ನನ್ನನ್ನು ಕೇಳಿದರೆ ನೋರಾ ಎಲ್ಲಿಗೂ ಹೋಗಿರಲಿಲ್ಲ. ಆದರೂ ಅವಳು ಸುಳ್ಳಿ ಎನ್ನುವವರ ಜೊತೆ ನನಗೆ ಕೂರಲಾಗುವುದಿಲ್ಲ, ಅದಕ್ಕೆ ಕಾರಣ ನಮ್ಮಲ್ಲಿನ ಒಂದು ಹಳೆಯ ಕರ್ಮ. ದೇಶಾಂತರ ಹೋಗಿ ಸುಳಿವಿಲ್ಲದವನಿಗೆ, ದೇಹ ಸಿಗದವನಿಗೆ, ಮುತ್ತುಗದ ಎಲೆ ದಂಟುಗಳಿಂದ ಒಂದು ಆಳಿನ ಆಕೃತಿ ಕಟ್ಟಿ ಸುಡುವ ಪದ್ಧತಿ ಅದು. ದಂಟು 360, ತಲೆಗೆ ಇಷ್ಟು, ಎದೆಗೆ ಇಷ್ಟು ಎಂಬ ಲೆಕ್ಕವೂ ಇದೆ. ಕಾಣೆಯಾದವನಿಗಾಗಿ ಹನ್ನೆರಡು ವರ್ಷ ಕಾಯಬೇಕೆಂಬ ಮಾತು ಶಾಸ್ತ್ರಗ್ರಂಥಗಳಲ್ಲಿ ಬರುತ್ತದೆ. ಕಟ್ಟುವ ಮಗನಿಗೂ ಗೊತ್ತು, ಮಂತ್ರ ಹೇಳುವ ಪುರೋಹಿತರಿಗೂ ಗೊತ್ತು, ಸುತ್ತ ನಿಂತ ದಾಯಾದಿಗಳಿಗೂ ಗೊತ್ತು, ಅದು ದಂಟು ಅಂತ. ಇದು ನಿಜವಾಗಿ ಅಪ್ಪನಾ ಅಂತ ಯಾರೂ ಕೇಳುವುದಿಲ್ಲ. ಸುಟ್ಟ ದಿನದಿಂದ ಸೂತಕ ಹಿಡಿಯುತ್ತಾರೆ. ಆಮೇಲೆ ಆ ಮನುಷ್ಯ ಜೀವಂತ ಮರಳಿದನೆನ್ನಿ, ಅದಕ್ಕೂ ಶಾಸ್ತ್ರ ದಾರಿ ಇಟ್ಟಿದೆ: ಜಾತಕರ್ಮದಿಂದ ಶುರುಮಾಡಿ ಸಂಸ್ಕಾರಗಳನ್ನೆಲ್ಲ ಮತ್ತೆ ಮಾಡಬೇಕು. ಸುಟ್ಟ ಮೇಲೂ ಬಾಗಿಲಿಗೆ ಚಿಲಕ ಹಾಕಿಲ್ಲ.

ಮೇಪಲ್ಟನ್ನಿನ ಬೊಂಬೆಗಳೂ ಇದೇ ಕೆಲಸಕ್ಕೆ ಹುಟ್ಟಿದ್ದವು. ಕೆಲಸ ಕೆಟ್ಟದ್ದು ಅವು ಅಂಗಡಿಯಿಂದ ಬಂದದ್ದಕ್ಕೆ, ಕೂದಲು ಚರ್ಮ ಎಲ್ಲ ಅಸಲಿನಂತೆಯೇ ಇದ್ದದ್ದಕ್ಕೆ, ಹಗೆಯವರು ರಾತ್ರೋರಾತ್ರಿ ತಂದಿಟ್ಟು ಓಡಿದ್ದಕ್ಕೆ. ನೋರಾಳ ಪಕ್ಕದಲ್ಲಿ ಅವತ್ತು ಒಬ್ಬರೂ ಇರಲಿಲ್ಲ. ಎರಡು ಸೀಸನ್ ದಾಟಿ, ಕೊನೆಯ ಕಂತಿನ ಮೇಜಿನ ಮುಂದೆ ಅವಳು ತನ್ನ ಕೈಯಾರೆ ಇನ್ನೊಂದು ಆಕೃತಿ ಕಟ್ಟುತ್ತಾಳೆ, ಬರಿಯ ಮಾತಿನಿಂದ. ಮಕ್ಕಳನ್ನು ಅದರೊಳಗೆ ಬೆಳೆಸುತ್ತಾಳೆ, ಅವರಿಗೊಬ್ಬಳು ಅಮ್ಮನನ್ನು ಕೊಡುತ್ತಾಳೆ, ತನ್ನನ್ನು ಅಲ್ಲಿಂದ ತೆಗೆದುಹಾಕುತ್ತಾಳೆ. ಆ ಬೆಳಗಿನ ಗದರಿಕೆ ಇನ್ನು ಕೊನೆಯ ಮಾತಾಗಿ ಉಳಿಯುವುದಿಲ್ಲ.

ಪ್ರೇಕ್ಷಕರಲ್ಲಿ ಅರ್ಧ ಜನ ಮುಂದೆ ಬಗ್ಗಿ ನೋಡಿ, ಇದು ದಂಟು ಎಂದು ಕೂಗಿದರು. ಇನ್ನರ್ಧ ಜನ ಅಲ್ಲ, ಮೈ ಎಂದರು. ಕೆವಿನ್ ಎರಡನ್ನೂ ಹೇಳುವುದಿಲ್ಲ. ಅವನೂ ಅವಳನ್ನು ಹುಡುಕಿಕೊಂಡು ವರ್ಷವರ್ಷ ರಜೆ ಹಾಕಿ ಆಸ್ಟ್ರೇಲಿಯಾಕ್ಕೆ ಬಂದವನು, ಕಾಣೆಯಾದವರ ಮನೆಯವನು. ಬಂದವನೇ ಮೊದಲು ಒಂದು ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದ. ನಂಬುತ್ತೇನೆ ಎಂದು ಅವನು ಹೇಳಿದಾಗ ಅವಳ ಕಣ್ಣು ತುಂಬುತ್ತದೆ. ನಾನಿಲ್ಲೇ ಇದ್ದೀನಲ್ಲ, ಎನ್ನುತ್ತಾಳೆ. ಮೇಜಿನ ಮೇಲೆ ಇಬ್ಬರ ಕೈಗಳು ಕೂಡುತ್ತವೆ, ಹೊರಗೆ ಪಾರಿವಾಳಗಳು ಒಂದೊಂದಾಗಿ ಗೂಡಿಗೆ ಇಳಿಯುತ್ತವೆ.